ವೆಲ್ಲೂರು ಕೋಟೆಯ ಬಾಗಿಲು: ಕರ್ನಲ್ ಗಿಲೆಸ್ಪಿಯ ಚರಿತ್ರೆಯಿಂದ ಒಂದು ಪಾಠ

ಬೆಂಗಳೂರಿನಿಂದ ದಕ್ಷಿಣಕ್ಕೆ ಇಲೆಕ್ಟ್ರಾನಿಕ್ ಸಿಟಿಯನ್ನು ದಾಟಿ, ಅತ್ತಿಬೆಲೆ ಹೊಸೂರುಗಳ ಮಾರ್ಗವಾಗಿ ಕೃಷ್ಣಗಿರಿಗೆ ಹೋಗಿ, ಅಲ್ಲಿಂದ ಪೂರ್ವಕ್ಕೆ ತಿರುಗುವ ಹೆದ್ದಾರಿಯು ವೆಲ್ಲೂರಿಗೆ ಮುಟ್ಟುತ್ತದೆ. ಆನೇಕಲ್ಲು, ಸರ್ಜಾಪುರ, ಹೊಸಕೋಟೆ, ವೈಟ್‌ಫೀಲ್ಡು, ಪೀಣ್ಯ ಈ ಕಡೆಗಳಿಂದ ತಮ್ಮ ರೋಗಿಗಳನ್ನು ಕರಕೊಂಡು ಆ ಊರಿನ ಆಸ್ಪತ್ರೆಗೆ ಹೋಗಿಬಂದವರು ನಮ್ಮ ವಾಚಕರಲ್ಲಿ ಅನೇಕರಿರುವರು. ಅದೇ ಊರಿನಲ್ಲಿ ನೀರಿನ ಅಗಳಿನ ನಡುವೆ ಒಂದು ದೊಡ್ಡ ಕಲ್ಲುಕೋಟೆಯಿದೆ. ರೋಗಿಯ ಚಿಂತೆಯಲ್ಲಿ ಹೋದವರು ಅದನ್ನು ನೋಡಿದ್ದಾಗ್ಯೂ ಅದರ ಸಂಗತಿಯನ್ನು ವಿಚಾರಿಸಿರಲಿಕ್ಕಿಲ್ಲ. 1806ನೆಯ ಇಸವಿ ಜುಲೈ 10ರಲ್ಲಿ ಆ ಕೋಟೆಯೊಳಗೆ ನಡೆದ ಕಾರ್ಯವು ನಮ್ಮ ಸೀಮೆಗೂ, ನಮ್ಮಂಥ ಸಭೆಗಳಿಗೂ ಬಹಳವಾಗಿ ಸಂಬಂಧಪಟ್ಟದ್ದು. ಆ ದಿನ ಕೋಟೆಯ ಬಾಗಿಲನ್ನು ಒಡೆಯಿಸಿದ ಸರದಾರನು ಕೆಲವು ವರುಷಗಳ ತರುವಾಯ ನಮ್ಮ ಬೆಂಗಳೂರಿನಲ್ಲಿಯೇ ದಂಡಿನ ಮುಖ್ಯಸ್ಥನಾಗಿದ್ದನು. ಆತನ ಹೆಸರು ರೋಲೋ ಗಿಲೆಸ್ಪಿ. ಆತನ ಚರಿತ್ರೆಯಿಂದ ಧೈರ್ಯವು ಏನನ್ನು ಮಾಡಬಲ್ಲದು, ಏನನ್ನು ಮಾಡಲಾರದು ಎಂಬದನ್ನು ಈ ಪಾಠದಲ್ಲಿ ವಿಚಾರಿಸೋಣ.

1. ಗಿಲೆಸ್ಪಿಯ ಮೊದಲಿನ ದಿನಗಳು

ಗಿಲೆಸ್ಪಿಯು 1766ನೆಯ ಇಸವಿ ಜನವರಿ 21ರಲ್ಲಿ ಐರ್ಲೆಂಡ್ ದೇಶದ ಡೌನ್ ಪ್ರಾಂತದ ಕೋಂಬರ್ ಎಂಬ ಊರಿನಲ್ಲಿ ಹುಟ್ಟಿದನು. ತಂದೆತಾಯಿಗಳಿಗೆ ಒಬ್ಬನೇ ಮಗನು. ಅವನನ್ನು ಕೇಂಬ್ರಿಜ್ ವಿದ್ಯಾಲಯಕ್ಕೆ ಕಳುಹಿಸಬೇಕೆಂದು ಅವರು ಆಶಿಸಿದರು. ಮಗನಾದರೋ ಕುದುರೆಯ ಮೇಲಲ್ಲದೆ ಬೇರೆಲ್ಲಿಯೂ ಕುಳಿತಿರಲಾರೆನೆಂಬಂತೆ ಹಟಹಿಡಿದು 1783ರಲ್ಲಿ ಕುದುರೆದಂಡಿಗೆ ಸೇರಿಕೊಂಡನು. ಆತನು ಗಿಡ್ಡ ಆಳು, ಆದರೆ ಭಯವೆಂಬದನ್ನು ಅರಿಯದವನು. ಆ ನಿರ್ಭಯದ ಸಂಗಡ ಮುಂಗೋಪವೂ ಇತ್ತು. ಇಪ್ಪತ್ತೊಂದು ವರುಷದವನಾಗಿದ್ದಾಗ ಒಂದು ಜಗಳವು ದ್ವಂದ್ವಯುದ್ಧಕ್ಕೆ ಬೆಳೆದು, ಇವನ ಪಿಸ್ತೂಲಿನ ಗುಂಡಿನಿಂದ ಎದುರಾಳಿಯು ಸತ್ತನು. 1788ರಲ್ಲಿ ವಿಚಾರಣೆಯಾಗಿ ನ್ಯಾಯಸ್ಥಾನದವರು ಬಿಟ್ಟುಬಿಟ್ಟರು.

ತರುವಾಯ ಆತನು ವೆಸ್ಟ್ ಇಂಡೀಸ್ ದ್ವೀಪಗಳಿಗೆ ಹೋದನು. ಅಲ್ಲಿ ಸಂತ್ ದೊಮಿಂಗೊ ದ್ವೀಪದಲ್ಲಿ ಒಂದು ರಾತ್ರಿ ಎಂಟು ಮಂದಿ ಆಯುಧಸ್ಥರು ಆತನ ಮನೆಯೊಳಗೆ ನುಗ್ಗಿ ಸೇವಕನಾದ ಹುಡುಗನನ್ನು ಕೊಂದರು. ಗಿಲೆಸ್ಪಿಯು ಕತ್ತಿ ಹಿಡಿದು ಒಬ್ಬನಾಗಿಯೇ ಎದುರಿಸಲು ಆರು ಮಂದಿ ಬಿದ್ದರು, ಇಬ್ಬರು ಇವನಿಗೆ ಗುಂಡು ಹೊಡೆದು ಓಡಿದರು. ಈ ಸುದ್ದಿಯು ಇಂಗ್ಲೆಂಡಿನ ಅರಸನ ಕಿವಿಗೂ ಬಿತ್ತು. ಮುಂದೆ ಆತನನ್ನು ಕಂಡಾಗ, ಇಷ್ಟು ಸಣ್ಣ ಮನುಷ್ಯನೋ ಆ ಕೆಲಸ ಮಾಡಿದವನು ಎಂದು ಅರಸನು ಬೆರಗಾದನೆಂದು ಹೇಳುತ್ತಾರೆ. 1804ರಲ್ಲಿ ಸೈನ್ಯದ ನ್ಯಾಯಸಭೆಯ ಮುಂದೆ ನಿಲ್ಲಬೇಕಾಗಿ ಬಂದಾಗ್ಯೂ ನಿರ್ದೋಷಿಯೆಂದು ತೀರ್ಪಾಯಿತು. ಮರುವರುಷ ಇಂಡಿಯಾ ದೇಶಕ್ಕೆ ಹೊರಟನು. ಆ ಕಾಲದಲ್ಲಿ ಎಲ್ಲರೂ ಹಡಗಿನಲ್ಲಿ ಆಫ್ರಿಕವನ್ನು ಸುತ್ತಿ ಬರುತ್ತಿರಲು, ಈತನು ಹ್ಯಾಂಬರ್ಗ್, ವಿಯೆನ್ನ, ಕಾನ್‌ಸ್ಟಾಂಟಿನೋಪಲ್, ಅಲೆಪ್ಪೋ, ಬಾಗ್ದಾದುಗಳ ಮೇಲೆ ನೆಲದ ಮಾರ್ಗದಲ್ಲಿ ಪ್ರಯಾಣಮಾಡಿ ಬಂದು, ಆರ್ಕಾಟಿನಲ್ಲಿದ್ದ 19ನೆಯ ಲಘು ಕುದುರೆ ಪಲಟಣವನ್ನು ಸೇರಿದನು.

ಲಘು ಪಲಟಣವೆಂದರೇನೆಂದು ಚಿಕ್ಕವರು ಕೇಳಬಹುದು. ಭಾರವಾದ ಕವಚವಿಲ್ಲದೆ, ಬಾಗಿದ ಕತ್ತಿಯನ್ನೂ ಗಿಡ್ಡ ಕೋವಿಯನ್ನೂ ಹೊತ್ತುಕೊಂಡು, ಎಲ್ಲಿ ಅವಸರವೋ ಅಲ್ಲಿಗೆ ಬೇಗನೆ ಓಡತಕ್ಕ ರಾವುತರು ಇವರು. ಕುದುರೆಗಳ ಹಿಂದೆಯೇ ಎಳೆಯಿಸಿಕೊಂಡು ಬರುವ ಚಿಕ್ಕ ಫಿರಂಗಿಗಳೂ ಇವರ ಸಂಗಡ ಇರುತ್ತಿದ್ದವು. ಆ ದಿನಗಳಲ್ಲಿ ತಂತಿಯಿಲ್ಲ, ರೈಲಿಲ್ಲ. ಒಂದು ಕೋಟೆಯ ಪ್ರಾಣವು ಎಷ್ಟೋ ಸಾರಿ ಕುದುರೆಯ ಕಾಲಿನ ಮೇಲೆ ನಿಂತಿತ್ತು.

2. ತಲೆಯ ಮೇಲಿನ ರುಮಾಲು

1799ನೆಯ ಇಸವಿ ಮೇ 4ರಲ್ಲಿ ಶ್ರೀರಂಗಪಟ್ಟಣವು ಬಿದ್ದು ಟಿಪ್ಪು ಸುಲ್ತಾನನು ಮಡಿದ ಮೇಲೆ, ಕುಂಪಣಿ ಸರಕಾರದವರು ಅವನ ಮಕ್ಕಳನ್ನೂ ಮನೆಯವರನ್ನೂ ವೆಲ್ಲೂರು ಕೋಟೆಯ ಅರಮನೆಯಲ್ಲಿ ಇರಿಸಿದರು. ಅವರನ್ನು ನಂಬಿಕೊಂಡಿದ್ದ ಮೈಸೂರು ಸೀಮೆಯ ಬಹು ಜನರು ಆ ಊರಿನ ಸುತ್ತಲೂ ಬಂದು ನೆಲೆಸಿದರು. ಕೋಟೆಯನ್ನು ಕಾಯುವದಕ್ಕೆ ಮದ್ರಾಸು ದಂಡಿನ ಸುಮಾರು 1500 ಮಂದಿ ಸಿಪಾಯಿಗಳೂ, 69ನೆಯ ಪಲಟಣದ ನಾಲ್ಕು ಕಂಪೆನಿ ಬಿಳಿಯ ಸೈನಿಕರೂ ಇದ್ದರು.

1805ನೆಯ ಇಸವಿ ನವೆಂಬರ್ ತಿಂಗಳಲ್ಲಿ ಮದ್ರಾಸು ಸೈನ್ಯದ ಮುಖ್ಯ ಸೇನಾಪತಿಯಾದ ಸರ್ ಜಾನ್ ಕ್ರಾಡಕ್ ಎಂಬವನು ಉಡುಪಿನ ವಿಷಯವಾಗಿ ಹೊಸ ಕಟ್ಟಳೆಗಳನ್ನು ಹೊರಡಿಸಿದನು. ಹೇಗಂದರೆ: ಸಿಪಾಯಿಗಳು ಸಮವಸ್ತ್ರದಲ್ಲಿರುವಾಗ ಹಣೆಯ ಮೇಲೆ ಜಾತಿಮತಗಳ ಗುರುತನ್ನು ಇಟ್ಟುಕೊಳ್ಳಬಾರದು, ಕಿವಿಗೆ ಕಡುಕು ಹಾಕಬಾರದು, ಗಡ್ಡವನ್ನು ಬೋಳಿಸತಕ್ಕದ್ದು, ಮೀಸೆಯನ್ನು ಎಲ್ಲರೂ ಒಂದೇ ತೆರವಾಗಿ ಕತ್ತರಿಸತಕ್ಕದ್ದು. ಇದಲ್ಲದೆ ಹಳೆಯ ರುಮಾಲಿಗೆ ಬದಲಾಗಿ ಟೊಪ್ಪಿಯನ್ನು ಹೋಲುವ ಒಂದು ಹೊಸ ಬಗೆಯ ದುಂಡು ರುಮಾಲನ್ನು ಧರಿಸಬೇಕೆಂದು ಅಪ್ಪಣೆಯಾಯಿತು. ಅದಕ್ಕೆ ಚರ್ಮದ ಒಂದು ಕುಚ್ಚು ಇತ್ತು.

ಇದು ಅಲ್ಪ ಸಂಗತಿಯೆಂದು ದೊರೆಗಳು ತಿಳಿದರು. ಆದರೆ ನಮ್ಮ ದೇಶದಲ್ಲಿ ಟೊಪ್ಪಿಯವರು ಎಂಬ ಮಾತಿಗೆ ಪರಂಗಿಯವರು ಎಂಬದೇ ಅರ್ಥವಾಗಿತ್ತು. ಚರ್ಮವು ಯಾವ ಪ್ರಾಣಿಯದೋ ಎಂಬ ಸಂದೇಹವು ಹಿಂದುವಿಗೂ ಮುಸಲ್ಮಾನನಿಗೂ ಸಮವಾಗಿ ಹುಟ್ಟಿತು. ಇಂದು ಟೊಪ್ಪಿ ಹಾಕಿಸಿದವರು ನಾಳೆ ಬಲಾತ್ಕಾರದಿಂದ ಕ್ರೈಸ್ತರನ್ನಾಗಿ ಮಾಡುವರು ಎಂದು ಸಂತೆಯಲ್ಲಿಯೂ ಲೈನುಗಳಲ್ಲಿಯೂ ಮಾತು ಹಬ್ಬಿತು. 1806ನೆಯ ಇಸವಿ ಮೇ ತಿಂಗಳಲ್ಲಿ ವೆಲ್ಲೂರಿನ ಸಿಪಾಯಿಗಳು ಈ ರುಮಾಲು ಬೇಡವೆಂದು ಹೇಳಿಕೊಂಡಾಗ, ಅವರ ಮಾತನ್ನು ಕೇಳುವದಕ್ಕೆ ಬದಲಾಗಿ ಮುಂದಾಳುಗಳನ್ನು ಹಿಡಿದು ಮದ್ರಾಸಿಗೆ ಕಳುಹಿಸಿ, ಇಬ್ಬರಿಗೆ ಚಾಟಿಯೇಟು ಕೊಟ್ಟು ಕೆಲಸದಿಂದ ತೆಗೆದರು.

ಕಿವಿಗೊಡುವದಕ್ಕೆ ಇನ್ನೊಂದು ಸಮಯವೂ ಬಂದಿತ್ತು. ಜೂನ್ ತಿಂಗಳಲ್ಲಿ ಮುಸ್ತಫಾ ಬೇಗನೆಂಬ ಸಿಪಾಯಿಯು ತನ್ನ ಮೇಲಿನ ಸರದಾರನಾದ ಕರ್ನಲ್ ಫೋರ್ಬ್ಸನ ಬಳಿಗೆ ಹೋಗಿ, ಕೋಟೆಯಲ್ಲಿ ಒಳಸಂಚು ನಡೆಯುತ್ತದೆ, ಎಚ್ಚರಿಕೆಯಾಗಿರಿ ಎಂದು ತಿಳಿಸಿದನು. ಆ ವಿಷಯವನ್ನು ವಿಚಾರಿಸುವದಕ್ಕೆ ದೇಶೀಯ ಸರದಾರರ ಒಂದು ಪಂಚಾಯತಿಯನ್ನೇ ನೇಮಿಸಿದರು. ಅವರಲ್ಲಿ ಅನೇಕರು ಸಂಚಿನಲ್ಲಿ ಸೇರಿದ್ದವರೇ. ಇವನಿಗೆ ಹುಚ್ಚು ಹಿಡಿದಿದೆ ಎಂದು ವರದಿ ಕೊಟ್ಟರು. ನಿಜವನ್ನು ಹೇಳಿದವನು ಸೆರೆಯಲ್ಲಿ ಕುಳಿತನು. ಎಲ್ಲಾ ಮುಗಿದ ಮೇಲೆ ಅವನಿಗೆ ಬಹುಮಾನವೂ ಪಿಂಚಣಿಯೂ ದೊರಕಿತು. ಆದರೆ ಅಷ್ಟರಲ್ಲಿ ನೂರಾರು ಪ್ರಾಣಗಳು ಹೋಗಿದ್ದವು.

3. ಆರ್ಕಾಟಿನಿಂದ ಓಡಿದ ಕುದುರೆಗಳು

ಜುಲೈ 9ರಲ್ಲಿ ಟಿಪ್ಪುವಿನ ಕುಮಾರ್ತೆಯರಲ್ಲಿ ಒಬ್ಬಳ ಮದುವೆಯು ಕೋಟೆಯ ಅರಮನೆಯಲ್ಲಿ ನಡೆಯಿತು. ಆ ರಾತ್ರಿ ಅನೇಕ ಸಿಪಾಯಿಗಳು ಕೋಟೆಯೊಳಗೆಯೇ ಮಲಗಿದರು. ಬೆಳಗಾಗುವದಕ್ಕೆ ಕೆಲವು ತಾಸು ಮುಂಚೆ ಅವರು ಎದ್ದು ಕಾವಲಿದ್ದವರನ್ನು ಕೊಂದರು. ಮಲಗಿದ್ದ ಬಿಳಿಯ ಸೈನಿಕರ ಮೇಲೆ ಕಿಟಕಿಬಾಗಿಲುಗಳಿಂದ ಗುಂಡು ಸುರಿದರು. ಆಸ್ಪತ್ರೆಯಲ್ಲಿ ಎದ್ದು ನಿಲ್ಲಲಾರದ ರೋಗಿಗಳನ್ನು ಸಹ ಉಳಿಸಲಿಲ್ಲ. ಕೋಟೆಯ ಅಧಿಪತಿಯಾದ ಕರ್ನಲ್ ಫಾನ್‌ಕೋರ್ಟನು ಹತನಾದನು. ಕೋಟೆಯ ಮೇಲೆ ಹುಲಿಪಟ್ಟೆಯ ಮೈಸೂರು ನಿಶಾನೆಯು ಏರಿತು. ಸತ್ತ ಬಿಳಿಯರು ಸುಮಾರು 130 ಮಂದಿ. ಉಳಿದವರಲ್ಲಿ ಸುಮಾರು 60 ಮಂದಿ ಬಾಗಿಲಿನ ಮೇಲಣ ಗೋಡೆಯನ್ನು ಹಿಡಿದುಕೊಂಡು, ಮದ್ದುಗುಂಡು ತೀರಿದ ಮೇಲೆ ಸನೀನುಗಳಿಂದಲೇ ಹೋರಾಡುತ್ತಿದ್ದರು. ಸಿಪಾಯಿಗಳೋ ಹೊರಗಿನ ಬಾಗಿಲುಗಳನ್ನು ಭದ್ರಪಡಿಸುವದನ್ನು ಮರೆತು, ಸೂರೆಮಾಡುವದರಲ್ಲಿ ಹೊತ್ತು ಕಳೆದರು.

ಆರ್ಕಾಟು ವೆಲ್ಲೂರಿಗೆ ಸುಮಾರು 16 ಮೈಲಿ. ಆ ಹಿಂದಿನ ರಾತ್ರಿ ಗಿಲೆಸ್ಪಿಯು ಫಾನ್‌ಕೋರ್ಟನ ಮನೆಯಲ್ಲಿ ಊಟಕ್ಕೆ ಹೋಗತಕ್ಕವನಾಗಿದ್ದನು. ಹಾಗೆ ಹೋಗಿದ್ದರೆ ಅವನೂ ಹಾಸಿಗೆಯಲ್ಲಿಯೇ ಸಾಯುತ್ತಿದ್ದನೋ ಏನೋ. ಹೊರಡುವ ಹೊತ್ತಿಗೆ ಸರಿಯಾಗಿ ಏನೋ ಕೆಲಸವು ಅಡ್ಡಬಂದು ನಿಂತುಬಿಟ್ಟನು. ಬೆಳಿಗ್ಗೆ ಕುದುರೆಯ ಮೇಲೆ ಹೊರಟವನಿಗೆ ವೆಲ್ಲೂರಿನ ಕಡೆಯಿಂದ ಓಡಿಬಂದ ಸರದಾರನೊಬ್ಬನು ಎದುರಾಗಿ ಸಂಗತಿಯನ್ನು ಹೇಳಿದನು. ಗಿಲೆಸ್ಪಿಯು ಮತ್ತೊಂದನ್ನು ಕೇಳದೆ ಹಿಂದಕ್ಕೆ ತಿರುಗಿ, ಸಿದ್ಧವಾಗಿದ್ದ ರಾವುತರನ್ನು ಕೂಡಿಸಿಕೊಂಡು, ಫಿರಂಗಿಗಳೂ ಮಿಕ್ಕವರೂ ಹಿಂದೆ ಬರಲೆಂದು ಅಪ್ಪಣೆಕೊಟ್ಟು ಹೊರಟೇಬಿಟ್ಟನು. ಆತನ ಹಿಂದೆ ಬಂದವರಲ್ಲಿ 19ನೆಯ ಪಲಟಣದ ಬಿಳಿಯ ರಾವುತರು ಮಾತ್ರವಲ್ಲ, ಮದ್ರಾಸು ದಂಡಿನ 7ನೆಯ ದೇಶೀಯ ಕುದುರೆ ಪಲಟಣದವರೂ ಇದ್ದರೆಂಬದನ್ನು ವಾಚಕರು ನೆನಪಿನಲ್ಲಿಡಬೇಕು. ಆ ದಿನ ನಮ್ಮ ದೇಶದವರು ಎರಡು ಕಡೆಯಲ್ಲಿಯೂ ಇದ್ದರು.

ಗಿಲೆಸ್ಪಿಯ ಕುದುರೆಯು ಎಲ್ಲರಿಗಿಂತ ಮುಂದಾಯಿತು. ಗೋಡೆಯ ಮೇಲೆ ಹೋರಾಡುತ್ತಿದ್ದವರಲ್ಲಿ ಬ್ರೇಡಿ ಎಂಬ ಸಾರ್ಜಂಟನು ಧೂಳಿನ ಮುಂದೆ ಒಂಟಿಯಾಗಿ ಬರುವ ಆ ಗಿಡ್ಡ ರಾವುತನನ್ನು ಕಂಡು, ವೆಸ್ಟ್ ಇಂಡೀಸಿನಲ್ಲಿ ತಾನು ಕಂಡಿದ್ದ ಗಿಲೆಸ್ಪಿಯೇ ಇವನು ಎಂದು ಗುರುತು ಹಿಡಿದನು. ಒಳಗಿನ ಬಾಗಿಲು ಮುಚ್ಚಿತ್ತು. ಫಿರಂಗಿಗಳು ಇನ್ನೂ ಹಿಂದಿದ್ದವು. ಕಾಯುವದಕ್ಕೆ ಮನಸ್ಸಿಲ್ಲದೆ ಆತನು ಮೇಲಿನಿಂದ ಇಳಿಯಬಿಟ್ಟ ಹಗ್ಗವನ್ನು ಹಿಡಿದು ಗೋಡೆಯನ್ನೇರಿದನು. ಆ 60 ಮಂದಿಯನ್ನು ಸಾಲಿನಲ್ಲಿ ನಿಲ್ಲಿಸಿ, ಗೋಡೆಯುದ್ದಕ್ಕೂ ಸನೀನಿನ ಓಟವನ್ನು ಓಡಿಸಿ, ಫಿರಂಗಿಗಳು ಬರುವ ತನಕ ಸ್ಥಳವನ್ನು ಬಿಡದೆ ನಿಂತನು. ಫಿರಂಗಿಗಳು ಬಂದವು. ಬ್ಲಾಕಿಸ್ಟನ್ ಎಂಬ ಎಂಜಿನಿಯರನು ಅವುಗಳನ್ನು ಗುರಿಯಿಡಿಸಲು ಬಾಗಿಲು ಒಡೆಯಿತು. ರಾವುತರು ಒಳಗೆ ನುಗ್ಗಿದರು. ಮಧ್ಯಾಹ್ನವಾಗುವದರೊಳಗೆ ಕೋಟೆಯು ಕುಂಪಣಿಯವರ ವಶವಾಯಿತು.

4. ಬಾಗಿಲು ಒಡೆದ ಮೇಲೆ

ಇಷ್ಟರ ತನಕ ಕೇಳಿದವರು ಆಹಾ ಎನ್ನುವರು. ಹದಿನಾರು ಮೈಲಿ ಓಡಿ, ಹಗ್ಗ ಹಿಡಿದು ಗೋಡೆಯೇರಿ, ಸಾಯುವದಕ್ಕಿದ್ದ 60 ಮಂದಿಯನ್ನು ಉಳಿಸಿದವನ ಧೈರ್ಯವನ್ನು ನಾವೂ ಹೊಗಳುತ್ತೇವೆ. ಆದರೆ ಕಥೆಯನ್ನು ಇಲ್ಲಿಗೆ ನಿಲ್ಲಿಸಿದರೆ ಅರ್ಧ ಸತ್ಯವನ್ನು ಹೇಳಿದಂತಾಗುವದು.

ಕೋಟೆಯು ಕೈಸೇರಿದ ಮೇಲೆ ಅರಮನೆಯೊಳಗೆ ಅಡಗಿಕೊಂಡಿದ್ದ ಸುಮಾರು ನೂರು ಮಂದಿ ಸಿಪಾಯಿಗಳನ್ನು ಹೊರಗೆ ತಂದು, ಗೋಡೆಗೆ ಸಾಲಾಗಿ ನಿಲ್ಲಿಸಿ, ಯಾವ ವಿಚಾರಣೆಯೂ ಇಲ್ಲದೆ ಗುಂಡಿಟ್ಟು ಕೊಂದರು. ಆ ದಿನ ಸತ್ತ ಸಿಪಾಯಿಗಳು 350 ಎಂದು ಕೆಲವರೂ, 800 ಎಂದು ಕೆಲವರೂ ಲೆಕ್ಕ ಹೇಳುತ್ತಾರೆ. ಟಿಪ್ಪುವಿನ ಮಕ್ಕಳನ್ನೂ ಕೊಲ್ಲಬೇಕೆಂದು ರಾವುತರು ಕೂಗಿಕೊಂಡಾಗ ಗಿಲೆಸ್ಪಿಯು ಅದಕ್ಕೆ ಒಪ್ಪಲಿಲ್ಲವೆಂಬದು ಆತನ ಪಕ್ಷದಲ್ಲಿ ಹೇಳತಕ್ಕ ಮಾತು. ಮುಂದೆ ವಿಚಾರಣೆಯಾಗಿ ಕೆಲವರನ್ನು ಫಿರಂಗಿಯ ಬಾಯಿಗೆ ಕಟ್ಟಿ ಹಾರಿಸಿದರು. ಕೆಲವರನ್ನು ನೇಣಿಗೆ ಹಾಕಿದರು. ಮೂರು ಪಲಟಣಗಳ ಹೆಸರನ್ನೇ ದಂಡಿನ ಪಟ್ಟಿಯಿಂದ ಅಳಿಸಿದರು. ರಾಜಕುಮಾರರನ್ನು ಕಲ್ಕತ್ತೆಗೆ ಕಳುಹಿಸಿಬಿಟ್ಟರು.

ಈ ಗಲಭೆಗೆ ಕಾರಣವೇನೆಂದು ವಿಚಾರಿಸಿದ ಮಂಡಲಿಯವರು ಎರಡನ್ನು ಮುಖ್ಯವಾಗಿ ಹೇಳಿದರು. ಒಂದನೆಯದು ಉಡುಪಿನ ಕಟ್ಟಳೆಗಳು. ಎರಡನೆಯದು ಟಿಪ್ಪುವಿನ ಮನೆಯವರು ಆ ಕೋಟೆಯಲ್ಲಿ ಇದ್ದದ್ದು. ರುಮಾಲಿನ ಅಪ್ಪಣೆಯು ರದ್ದಾಯಿತು. ಮದ್ರಾಸಿನ ಗವರ್ನರಾದ ವಿಲಿಯಂ ಬೆಂಟಿಂಕನನ್ನೂ ಸೇನಾಪತಿ ಕ್ರಾಡಕನನ್ನೂ ಹಿಂದಕ್ಕೆ ಕರೆಯಿಸಿಕೊಂಡರು. ಇದೇ ಬೆಂಟಿಂಕನು ಮುಂದೆ ಗವರ್ನರ್ ಜನರಲ್ಲಾಗಿ ಮರಳಿ ಬಂದು, 1831ರಲ್ಲಿ ಮೈಸೂರು ಸೀಮೆಯ ಆಡಳಿತವನ್ನು ಕುಂಪಣಿಯ ಕೈಗೆ ತೆಗೆದುಕೊಂಡನು.

ವಾಚಕರು ಇಲ್ಲಿ ಸ್ವಲ್ಪ ನಿಂತು ಆಲೋಚಿಸಲಿ. ಅಪ್ಪಣೆಯನ್ನು ಹಿಂದಕ್ಕೆ ತೆಗೆದುಕೊಳ್ಳುವದಕ್ಕೆ ಮೇ ತಿಂಗಳಲ್ಲಿ ಒಂದು ಕಾಗದ ಸಾಕಾಗಿತ್ತು. ಜುಲೈ ತಿಂಗಳಲ್ಲಿ ಅದೇ ಕಾಗದಕ್ಕೆ ಎರಡು ಕಡೆಯ ನೂರಾರು ಪ್ರಾಣಗಳು ಬೆಲೆಯಾದವು.

5. ನಂದಿದುರ್ಗ, ಬೆಂಗಳೂರು, ಜಾವಾ

ವೆಲ್ಲೂರಿನ ಬೆಂಕಿಯ ಕಿಡಿಗಳು ನಮ್ಮ ಸೀಮೆಗೂ ಹಾರಿದವು. ಅದೇ ವರುಷ ಅಕ್ಟೋಬರ್ ತಿಂಗಳಲ್ಲಿ ನಂದಿದುರ್ಗದ ಸಿಪಾಯಿಗಳು ತಮ್ಮ ಸರದಾರರನ್ನು ಕೊಲ್ಲುವದಕ್ಕೆ ಗೊತ್ತುಮಾಡಿದ್ದಾರೆಂಬ ಸುದ್ದಿಯು ಆ ರಾತ್ರಿಯೇ ಹೊರಬಿದ್ದಿತು. ಬೆಂಗಳೂರಿಗೆ ಅವಸರದ ಕಾಗದವು ಹೋಗಲು, ಮರುದಿನವೇ ಕುದುರೆ ಪಲಟಣದವರು ಬೆಟ್ಟದ ಬುಡಕ್ಕೆ ಬಂದು ಮುಟ್ಟಿದರು. ಅಲ್ಲಿ ರಕ್ತ ಸುರಿಯಲಿಲ್ಲ. ಆದರೆ ಒಂದು ಊರಿನಲ್ಲಿ ಹುಟ್ಟಿದ ಅಪನಂಬಿಕೆಯು ನೂರು ಹರದಾರಿ ಆಚೆಗೂ ಹೇಗೆ ಹರಡುವದೆಂಬದು ಇದರಿಂದ ತೋರುತ್ತದೆ.

ಗಿಲೆಸ್ಪಿಯು 1809ರಲ್ಲಿ ಉತ್ತರದೇಶದಲ್ಲಿ ರಣಜಿತ್ ಸಿಂಗನ ಎಲ್ಲೆಯ ಕಡೆಗೆ ಹೋದ ಸೈನ್ಯದಲ್ಲಿ ಕುದುರೆದಂಡನ್ನು ನಡಿಸಿ, ತರುವಾಯ ಮೈಸೂರು ವಿಭಾಗದ ದಂಡಿನ ಅಧಿಪತಿಯಾಗಿ ಬೆಂಗಳೂರಿಗೆ ಬಂದನು. ಶ್ರೀರಂಗಪಟ್ಟಣದ ಜ್ವರಕ್ಕೆ ಅಂಜಿ ಕುಂಪಣಿಯವರು ತಮ್ಮ ದಂಡನ್ನು ಬೆಂಗಳೂರಿಗೆ ತಂದು ಹಲಸೂರಿನ ಬಳಿ ದಂಡುಪ್ರದೇಶವನ್ನು ಕಟ್ಟತೊಡಗಿದ ಕಾಲವದು. ಈಗ ಕಾಮರಾಜ ರಸ್ತೆಯೆಂದು ಕರೆಯಲ್ಪಡುವ ಬೀದಿಗೆ ಮೊದಲು ಕ್ಯಾವಲ್ರಿ ರೋಡೆಂಬ ಹೆಸರಿದ್ದದ್ದು ಆ ಕುದುರೆದಂಡಿನ ನೆನಪೇ. ಬೆಂಗಳೂರಿನ ಜೂಜಿನ ಬಯಲಿಗೆ ನುಗ್ಗಿದ ಹುಲಿಯೊಂದನ್ನು ಗಿಲೆಸ್ಪಿಯು ಕುದುರೆಯ ಮೇಲಿನಿಂದಲೇ ಎದುರಿಸಿ ಕೊಂದನೆಂದು ಆತನ ಚರಿತ್ರೆಯನ್ನು ಬರೆದವರು ಹೇಳುತ್ತಾರೆ.

1811ರಲ್ಲಿ ಆತನನ್ನು ಜಾವಾ ದ್ವೀಪದ ದಂಡಯಾತ್ರೆಗೆ ಕಳುಹಿಸಿದರು. ಅಲ್ಲಿ ಆಗಸ್ಟ್ 26ರಲ್ಲಿ ಮೀಸ್ಟರ್ ಕಾರ್ನೆಲಿಸ್ ಎಂಬ ಬಲವಾದ ಪಾಳೆಯವನ್ನು ಹಿಡಿಯುವಾಗ, ಜ್ವರದಿಂದ ಕೃಶನಾಗಿದ್ದವನು ಎದ್ದುಬಂದು ದಂಡಿನ ಮುಂದೆ ನಡೆದನು. 1812ರಲ್ಲಿ ಯೋಗ್ಯಕರ್ತದ ಸುಲ್ತಾನನ ಅರಮನೆಯನ್ನು ಹಿಡಿದವರ ಮುಂದೆಯೂ ಆತನೇ ಇದ್ದನು. ಆದರೆ ಅಲ್ಲಿನ ಗವರ್ನರಾದ ರಾಫಲ್ಸನ ಸಂಗಡ ಕೂಡಿ ಕೆಲಸಮಾಡಲಾರದೆ ವಿರೋಧಕಟ್ಟಿಕೊಂಡು, ಅವನ ಮೇಲೆ ದೂರುಗಳನ್ನು ಬರೆದು ಹಿಂದಿರುಗಿದನು. ರಾಫಲ್ಸನು ಆ ದೂರುಗಳಿಂದ ತರುವಾಯ ಬಿಡುಗಡೆ ಹೊಂದಿದನು. ಗೋಡೆಯನ್ನೇರುವವನಿಗೆ ನೆರೆಯವನ ಸಂಗಡ ಬಾಳುವದು ಗೋಡೆಗಿಂತ ಎತ್ತರವಾಗಿ ಕಂಡಿತು.

6. ಕಳಂಗದ ಬೆಟ್ಟ

1814ರಲ್ಲಿ ನೇಪಾಳದ ಗೂರ್ಖರ ಮೇಲೆ ಯುದ್ಧವು ಹುಟ್ಟಿತು. ದೇಹರಾದೂನಿನ ಬಳಿ ಕಳಂಗವೆಂಬ ಬೆಟ್ಟದ ಮೇಲೆ ಬಲಭದ್ರ ಕುಂವರನು ಸುಮಾರು 600 ಮಂದಿಯನ್ನು ಕೂಡಿಕೊಂಡು ಒಂದು ಚಿಕ್ಕ ಕೋಟೆಯನ್ನು ಕಾಯುತ್ತಿದ್ದನು. ಒಳಗೆ ಹೆಂಗಸರೂ ಮಕ್ಕಳೂ ಇದ್ದರು. ಮೇಜರ್ ಜನರಲ್ಲಾಗಿದ್ದ ಗಿಲೆಸ್ಪಿಯು ಅಕ್ಟೋಬರ್ 31ರಲ್ಲಿ ಕೋಟೆಯ ಮೇಲೆ ಬಿದ್ದನು. ದಂಡನ್ನು ಹಲವು ಗುಂಪುಗಳಾಗಿ ಮಾಡಿ ಬೇರೆ ಬೇರೆ ಕಡೆಗಳಿಂದ ಒಂದೇ ಸಾರಿ ಏರಬೇಕೆಂದು ಗೊತ್ತಾಗಿತ್ತು. ಆದರೆ ದೂರದ ಗುಂಪುಗಳಿಗೆ ಸೂಚನೆಯು ಸರಿಯಾಗಿ ಮುಟ್ಟಲಿಲ್ಲ. ವೆಲ್ಲೂರಿನ ಬಾಗಿಲಿನಲ್ಲಿ ಕಾಯದವನು ಇಲ್ಲಿಯೂ ಕಾಯಲಿಲ್ಲ. ಕುದುರೆಯಿಂದಿಳಿದ ರಾವುತರನ್ನು ಕೂಡಿಕೊಂಡು, ಕತ್ತಿಯನ್ನು ಬೀಸಿ, ತನ್ನ ಹುಟ್ಟೂರಿನ ಪ್ರಾಂತದ ಹೆಸರನ್ನು ಕೂಗಿ ಕರೆಯುತ್ತಾ ಬಾಗಿಲಿನ ಕಡೆಗೆ ಓಡುವಾಗ ಎದೆಗೆ ಗುಂಡು ತಗಲಿ ಬಿದ್ದನು. ಆಗ ಆತನಿಗೆ 48 ವರುಷ. ಶವವನ್ನು ಮೀರತ್ತಿಗೆ ತಂದು ಹೂಣಿಟ್ಟರು. ಮರಣದ ಸುದ್ದಿಯು ಇಂಗ್ಲೆಂಡಿಗೆ ಮುಟ್ಟುವದರೊಳಗೆ ಸರ್ ಎಂಬ ಬಿರುದು ಸಹ ಆತನಿಗೆ ಬಂದಿತ್ತು. ಅದನ್ನು ಧರಿಸಲಿಕ್ಕೆ ಆತನೇ ಇರಲಿಲ್ಲ.

ವೆಲ್ಲೂರಿನಲ್ಲಿ ಜಯ ತಂದ ಅದೇ ಅವಸರವು ಕಳಂಗದಲ್ಲಿ ಸೋಲನ್ನು ತಂದಿತು. ಆ ಕೋಟೆಯು ಸಿಕ್ಕಿದ್ದು ಒಂದು ತಿಂಗಳ ತರುವಾಯ, ನೀರಿನ ದಾರಿಯನ್ನು ಕಟ್ಟಿದ ಮೇಲೆ. ಬಲಭದ್ರನು ಉಳಿದ ಸುಮಾರು 70 ಮಂದಿಯನ್ನು ಕರಕೊಂಡು ರಾತ್ರಿ ಹೊರಟುಹೋದನು. ಇಂಗ್ಲಿಷರು ಅಲ್ಲಿ ಎರಡು ಕಂಬಗಳನ್ನು ನಿಲ್ಲಿಸಿದರು: ಒಂದು ಗಿಲೆಸ್ಪಿಗೂ ಆತನ ಸಂಗಡ ಮಡಿದವರಿಗೂ, ಮತ್ತೊಂದು ತಮಗೆ ಎದುರಾಗಿ ನಿಂತ ಬಲಭದ್ರನಿಗೂ ಅವನ ಗೂರ್ಖರಿಗೂ. ಇವೆರಡೂ ಪಕ್ಕಪಕ್ಕದಲ್ಲಿವೆ. ಕೋಂಬರ್ ಊರಿನ ಚೌಕದಲ್ಲಿ 1845ರಲ್ಲಿ ನಿಲ್ಲಿಸಿದ ಎತ್ತರವಾದ ಕಂಬದ ಮೇಲೆ ಗಿಲೆಸ್ಪಿಯ ಪ್ರತಿಮೆಯೂ ಇದೆ.

ಆ ಮುತ್ತಿಗೆಯಲ್ಲಿ ನಡೆದ ಒಂದು ಸಣ್ಣ ಸಂಗತಿಯನ್ನು ಆ ಕಾಲದವರು ಬರೆದಿಟ್ಟಿದ್ದಾರೆ. ಫಿರಂಗಿಗಳು ಹೊಡೆಯುತ್ತಿರುವಾಗ ಒಬ್ಬ ಗೂರ್ಖನು ಕೈಬೀಸುತ್ತಾ ಕೋಟೆಯಿಂದ ಹೊರಗೆ ಬಂದನು. ಗುಂಡಿನಿಂದ ಅವನ ಕೆಳದವಡೆಯು ಒಡೆದುಹೋಗಿತ್ತು. ಶತ್ರುಗಳ ವೈದ್ಯನಿಂದ ಔಷಧ ಮಾಡಿಸಿಕೊಳ್ಳಬೇಕೆಂದು ಬಂದಿದ್ದನು. ಇಂಗ್ಲಿಷರು ಗುಂಡು ಹಾರಿಸುವದನ್ನು ನಿಲ್ಲಿಸಿ ಅವನನ್ನು ಒಳಗೆ ಕರಕೊಂಡರು. ವಾಸಿಯಾದ ಮೇಲೆ, ತಿರಿಗಿ ತನ್ನವರನ್ನು ಸೇರಿ ಯುದ್ಧಮಾಡುವದಕ್ಕೆ ಅಪ್ಪಣೆಯಾಗಬೇಕೆಂದು ಕೇಳಿದನು. ಕತ್ತಿಯಿಂದ ಅವನ ಮನಸ್ಸು ಸೋತಿರಲಿಲ್ಲ. ಆದರೆ ಗಾಯವನ್ನು ಕಟ್ಟುವ ಕೈ ಯಾವದೆಂದು ಅವನು ಅರಿತಿದ್ದನು. ಆ ನಂಬಿಕೆಯಿಂದಲೇ ಶತ್ರುವಿನ ಪಾಳೆಯದೊಳಗೆ ನಡೆದು ಬಂದನು.

7. ಸುವಾರ್ತಾ ಕೆಲಸಕ್ಕೆ ಬಂದ ಅಡ್ಡಿ

ವೆಲ್ಲೂರಿನ ಸಂಗತಿಯು ನಮ್ಮ ಸಭೆಗಳಿಗೆ ಹೇಗೆ ಸಂಬಂಧಪಡುತ್ತದೆಂಬದನ್ನು ಈಗ ಹೇಳೋಣ. ರುಮಾಲಿನ ಕಟ್ಟಳೆಯನ್ನು ಮಾಡಿದವರು ಪಾದ್ರಿಗಳಲ್ಲ, ದಂಡಿನ ಅಧಿಕಾರಿಗಳು. ಅವರಿಗೆ ಬೇಕಾಗಿದ್ದದ್ದು ಸಾಲು ನೆಟ್ಟಗೆ ಕಾಣುವದೇ ಹೊರತು ಯಾರ ಮತವೂ ಅಲ್ಲ. ಹೀಗಿದ್ದಾಗ್ಯೂ ಟೊಪ್ಪಿಯನ್ನು ಕಂಡು ಜನರು ಕ್ರೈಸ್ತಮತಕ್ಕೆ ಹೆದರಿದರು. ಆ ಹೆದರಿಕೆಯನ್ನು ಕಂಡು ಕುಂಪಣಿಯವರು ಪಾದ್ರಿಗಳಿಗೆ ಹೆದರಿದರು. 1806ರಲ್ಲಿಯೇ ಬಂಗಾಳದ ಶ್ರೀರಾಮಪುರದಲ್ಲಿದ್ದ ಕೇರಿ ಮುಂತಾದವರ ಬೋಧನೆಗೆ ತಡೆಯುಂಟಾಯಿತು. ಇಂಗ್ಲೆಂಡಿನಲ್ಲಿ ಪಾದ್ರಿಗಳನ್ನು ಇಂಡಿಯಾ ದೇಶಕ್ಕೆ ಬಿಡಲೇಬಾರದೆಂದು ಕೆಲವರು ಪುಸ್ತಕಗಳನ್ನು ಅಚ್ಚುಹಾಕಿಸಿದರು. ಬಿಡಬೇಕೆಂದು ಬೇರೆ ಕೆಲವರು ಉತ್ತರ ಬರೆದರು. ಈ ವಾದವು 1813ರ ಕಾಯಿದೆಯಲ್ಲಿ ಪಾದ್ರಿಗಳಿಗೆ ರಹದಾರಿ ದೊರಕುವ ತನಕ ಮುಗಿಯಲಿಲ್ಲ. ನಮ್ಮ ಕನ್ನಡ ದೇಶದಲ್ಲಿ ಲಂಡನ್ ಮಿಶನಿನ ಜಾನ್ ಹ್ಯಾಂಡ್ಸನು 1810ರಲ್ಲಿ ಬಳ್ಳಾರಿಗೆ ಬಂದು ಕೆಲಸವನ್ನು ಆರಂಭಿಸಿದನು. ಬೆಂಗಳೂರಿನಲ್ಲಿ ಅದೇ ಮಿಶನಿನವರು ನೆಲೆಯಾದದ್ದು 1820ರಲ್ಲಿ.

ಒಂದು ರುಮಾಲಿನ ನೆರಳು ಎಷ್ಟು ಉದ್ದವಾಗಿ ಬಿದ್ದಿತೆಂಬದನ್ನು ನೋಡಿರಿ. ಬಲಾತ್ಕಾರದ ವಾಸನೆಯು ಒಂದು ಸಾರಿ ತಗಲಿದರೆ, ಒಳ್ಳೆಯ ಮಾತು ಸಹ ಜನರಿಗೆ ಕೆಟ್ಟದ್ದಾಗಿ ಕೇಳಿಸುತ್ತದೆ. ಗಿಲೆಸ್ಪಿಯ ಫಿರಂಗಿಯು ಕೋಟೆಯ ಬಾಗಿಲನ್ನು ಕೆಲವು ನಿಮಿಷಗಳಲ್ಲಿ ತೆರೆಯಿತು. ಮುಚ್ಚಿಹೋದ ಮನಸ್ಸುಗಳ ಬಾಗಿಲನ್ನು ಅದರಿಂದ ತೆರೆಯಲಾಗಲಿಲ್ಲ.

ಆ ಬಾಗಿಲು ವೆಲ್ಲೂರಿನಲ್ಲಿ ಹೇಗೆ ತೆರೆಯಿತೆಂಬದನ್ನು ನಮ್ಮ ವಾಚಕರು ಕಣ್ಣಾರೆ ಕಂಡಿದ್ದಾರೆ. 1900ರಲ್ಲಿ ಐಡಾ ಸ್ಕಡ್ಡರ್ ಎಂಬ ವೈದ್ಯಳು ಆ ಊರಿನಲ್ಲಿ ಒಂದೇ ಹಾಸಿಗೆಯ ಚಿಕಿತ್ಸಾಲಯವನ್ನು ತೆರೆದಳು. 1902ರಲ್ಲಿ ಆಸ್ಪತ್ರೆಯು ಎದ್ದಿತು. 1918ರಲ್ಲಿ ಹೆಂಗಸರಿಗೆ ವೈದ್ಯವಿದ್ಯೆಯನ್ನು ಕಲಿಸುವ ಶಾಲೆಯಾಯಿತು. ಅಲ್ಲಿಗೆ ಹೋಗುವವನ ಹಣೆಯ ಮೇಲೆ ವಿಭೂತಿಯಿರಲಿ, ತಲೆಯ ಮೇಲೆ ಟೊಪ್ಪಿಯಿರಲಿ, ಮುಖದಲ್ಲಿ ಗಡ್ಡವಿರಲಿ, ಗಾಯವನ್ನು ನೋಡುವದಕ್ಕೆ ಅದು ಅಡ್ಡಿಯಾಗುವದಿಲ್ಲ. 1806ರಲ್ಲಿ ಜನರು ಯಾರಿಗೆ ಅಂಜಿ ಎದ್ದರೋ ಅವರ ಮತದವರ ಬಾಗಿಲಿಗೆ ಅವರ ಮರಿಮಕ್ಕಳು ತಾವಾಗಿಯೇ ಮಗುವನ್ನೆತ್ತಿಕೊಂಡು ಬಂದರು.

8. ನಾವು ಕಲಿಯತಕ್ಕದ್ದು

ಮೊದಲನೆಯದು. ಧೈರ್ಯವು ಒಳ್ಳೆಯ ವರ. ಆದರೆ ಅದು ಕುದುರೆಯಂತೆ. ಸವಾರನಿಲ್ಲದ ಕುದುರೆಯು ಎಷ್ಟು ವೇಗವಾಗಿ ಓಡುವದೋ ಅಷ್ಟು ಬೇಗ ಹಳ್ಳಕ್ಕೆ ಬೀಳುವದು. ಗಿಲೆಸ್ಪಿಯು ಕೋಟೆಗಳನ್ನು ಗೆದ್ದನು. ತನ್ನ ಅವಸರವನ್ನೂ ಮುಂಗೋಪವನ್ನೂ ಗೆಲ್ಲಲಿಲ್ಲ.

ಎರಡನೆಯದು. ಮೇಲಿರುವವರು ಕೆಳಗಿರುವವರ ಮಾತನ್ನು ಕೇಳತಕ್ಕದ್ದು. ಪೀಣ್ಯದ ಕಾರ್ಖಾನೆಗಳಲ್ಲಿಯೂ ವೈಟ್‌ಫೀಲ್ಡಿನ ಕಛೇರಿಗಳಲ್ಲಿಯೂ ಮೇಸ್ತ್ರಿಗಳಾಗಿ, ಮೇಲ್ವಿಚಾರಕರಾಗಿ ಕೆಲಸಮಾಡುವವರು ನಮ್ಮ ಸಭೆಗಳಲ್ಲಿದ್ದಾರೆ. ತಲೆಯ ಮೇಲೆ ಗಟ್ಟಿಟೊಪ್ಪಿಯನ್ನು ಹಾಕಬೇಕು, ಯಂತ್ರದ ಬಳಿ ಸಡಿಲವಾದ ಬಟ್ಟೆ ಕೂಡದು ಎಂಬ ಕಟ್ಟಳೆಗಳು ಪ್ರಾಣವನ್ನು ಕಾಯುವದಕ್ಕಾಗಿ ಇರುವಂಥವು, ಅವು ಬೇಕು. ಆದರೆ ಯಾಕೆ ಬೇಕೆಂಬದನ್ನು ವಿವರಿಸಿ ಹೇಳುವದಕ್ಕೂ, ಒಬ್ಬನು ಸಂಕಟಪಟ್ಟು ಬಂದಾಗ ಕುಳ್ಳಿರಿಸಿ ಕೇಳುವದಕ್ಕೂ ಅರ್ಧ ಗಳಿಗೆ ಸಾಕು. ಎಚ್ಚರಿಕೆ ಹೇಳಬಂದ ಮುಸ್ತಫಾ ಬೇಗನನ್ನು ಹುಚ್ಚನೆಂದು ಕೂಡಿಹಾಕುವವರು ಇಂದಿಗೂ ಇದ್ದಾರೆ.

ಮೂರನೆಯದು ನಮಗೆ ಇನ್ನೂ ಹತ್ತಿರವಾದದ್ದು. ಹೊಸದಾಗಿ ಸಭೆಗೆ ಸೇರಿದ ಸೊಸೆಯ ಹಣೆಯನ್ನೂ ಕೈಬಳೆಯನ್ನೂ ಮುಡಿದ ಹೂವನ್ನೂ ನೋಡಿ, ಇದನ್ನು ತೆಗೆ, ಅದನ್ನು ಬಿಡು ಎಂದು ಮೊದಲ ದಿನವೇ ಅಪ್ಪಣೆಮಾಡುವ ಹಿರಿಯರು ಕೆಲವು ಊರುಗಳಲ್ಲಿ ಇದ್ದಾರೆ. ಅವರ ಉದ್ದೇಶವು ಒಳ್ಳೆಯದೇ ಇರಬಹುದು; ಕ್ರಾಡಕನಿಗೂ ತನ್ನ ಉದ್ದೇಶವು ಒಳ್ಳೆಯದಾಗಿಯೇ ಕಂಡಿತ್ತು. ಒಳಗಿನ ಮನಸ್ಸು ತಾನಾಗಿ ಬಿಟ್ಟದ್ದು ಬಿಟ್ಟೇಹೋಗುವದು. ಹೊರಗಿನ ಕೈ ಕಿತ್ತದ್ದು ಗಾಯವಾಗಿ ಉಳಿಯುವದು. ತವರಿನವರು ಆ ಗಾಯವನ್ನು ನೋಡಿಯೇ ನಮ್ಮ ನಂಬಿಕೆಯನ್ನು ಅಳೆಯುವರೆಂಬದನ್ನು ಮರೆಯಬಾರದು. ಹಾಗೆಯೇ ನಮ್ಮ ಮಕ್ಕಳ ಗುರುತುಗಳನ್ನು ಬೇರೆಯವರು ಬಲಾತ್ಕಾರದಿಂದ ತೆಗೆಯಿಸಬಾರದೆಂದು ನಾವು ಬಯಸುವದಾದರೆ, ನೆರೆಯವರ ಮಕ್ಕಳ ವಿಷಯದಲ್ಲಿಯೂ ಅದೇ ಅಳತೆಯನ್ನು ಇಟ್ಟುಕೊಳ್ಳಬೇಕು.

ಮುಂದಿನ ಸಾರಿ ವೆಲ್ಲೂರಿಗೆ ಹೋಗುವವರು, ರೋಗಿಯ ಕೆಲಸವು ತೀರಿದ ಮೇಲೆ ಒಂದು ತಾಸು ಹೊತ್ತು ಕೋಟೆಯನ್ನೂ ನೋಡಿಬರಲಿ. ಅಲ್ಲಿ ಸತ್ತ ಬಿಳಿಯರನ್ನೂ ಸಿಪಾಯಿಗಳನ್ನೂ ಒಂದೇ ಮನಸ್ಸಿನಿಂದ ನೆನಸಿ, ಮಕ್ಕಳಿಗೆ ಕಥೆಯನ್ನು ಅರ್ಧಕ್ಕೆ ನಿಲ್ಲಿಸದೆ ಪೂರ್ತಿಯಾಗಿ ಹೇಳಲಿ.

ಮನೆಕೂಟಗಳಲ್ಲಿ ಕೇಳತಕ್ಕ ಪ್ರಶ್ನೆಗಳು

1. ಹೊಸ ರುಮಾಲಿನ ವಿಷಯವಾಗಿ ಹಿಂದು ಮುಸಲ್ಮಾನ ಸಿಪಾಯಿಗಳಿಬ್ಬರಿಗೂ ಭಯ ಹುಟ್ಟಿದ್ದು ಯಾಕೆ?
2. ಮುಸ್ತಫಾ ಬೇಗನ ಮಾತನ್ನು ವಿಚಾರಿಸುವದಕ್ಕೆ ನೇಮಿಸಿದ ಕ್ರಮದಲ್ಲಿ ಇದ್ದ ತಪ್ಪೇನು? ನಮ್ಮ ಸಭೆಯ ಪಂಚಾಯತಿಗಳಲ್ಲಿ ಅಂಥ ತಪ್ಪು ನಡೆಯದಂತೆ ಏನು ಮಾಡತಕ್ಕದ್ದು?
3. ಗಿಲೆಸ್ಪಿಯ ಯಾವ ಗುಣವು ವೆಲ್ಲೂರಿನಲ್ಲಿ ಜಯವನ್ನೂ ಕಳಂಗದಲ್ಲಿ ಮರಣವನ್ನೂ ತಂದಿತು?
4. ದವಡೆ ಒಡೆದ ಗೂರ್ಖನು ಶತ್ರುವಿನ ವೈದ್ಯನನ್ನು ನಂಬಿದನು. ನಮ್ಮ ಊರಿನ ಅನ್ಯರು ನಮ್ಮನ್ನು ಹಾಗೆ ನಂಬಿ ಬರುತ್ತಾರೋ? ಬಾರದಿದ್ದರೆ ಯಾಕೆ?